ಕಣದ ಹೆಜ್ಜೆ, ಅನಿಲದ ಲೆಕ್ಕ

(ಉಪನ್ಯಾಸದ ಲಿಖಿತ ರೂಪ)



ಕಾಡಿನಲ್ಲಿ ಹುಲಿಯನ್ನು ಕಂಡವರು ವಿರಳ. ಹುಲಿಯ ಹೆಜ್ಜೆಯನ್ನು ಕಂಡವರು ಅನೇಕರು. ಹಳ್ಳದ ದಂಡೆಯ ಹಸಿಮಣ್ಣಿನಲ್ಲಿ ಮೂಡಿದ ಗುರುತನ್ನು ನೋಡಿ ಅದು ಯಾವ ಪ್ರಾಣಿ, ಯಾವ ದಿಕ್ಕಿಗೆ ಹೋಯಿತು, ನಡೆದು ಹೋಯಿತೋ ಓಡಿ ಹೋಯಿತೋ, ಗುರುತು ರಾತ್ರಿಯದೋ ಮುಂಜಾವಿನದೋ ಎಂದು ಹೇಳಬಲ್ಲ ಹಿರಿಯರು ಮಲೆನಾಡಿನ ಊರೂರಿನಲ್ಲಿ ಇದ್ದಾರೆ. ಪ್ರಾಣಿ ಹೊರಟುಹೋಗಿರುತ್ತದೆ, ಸಾಕ್ಷಿ ಹೇಳುವುದು ಮಣ್ಣು. ಬಂಡೆಯ ಮೇಲೆ ಹೆಜ್ಜೆ ಮೂಡದು, ಹರಿಯುವ ನೀರಿನಲ್ಲಿ ನಿಲ್ಲದು. ಆದುದರಿಂದ ಜಾಡು ಹಿಡಿಯುವ ವಿದ್ಯೆಯಲ್ಲಿ ಪ್ರಾಣಿಯ ಪರಿಚಯದಷ್ಟೇ ಮಣ್ಣಿನ ಪರಿಚಯವೂ ಮುಖ್ಯ.

ಪರಮಾಣುವಿಗಿಂತ ಕಿರಿದಾದ ಕಣಗಳನ್ನು ಅಭ್ಯಾಸ ಮಾಡುವ ಭೌತವಿಜ್ಞಾನಿಗಳ ಕಸುಬೂ ಹೀಗೆಯೇ. ಅವರು ಅರಸುವ ಕಣವನ್ನು ಯಾರೂ ಕಣ್ಣಿನಿಂದ ಕಂಡಿಲ್ಲ. ಅದು ಹಾದುಹೋದ ಜಾಡನ್ನು ಮಾತ್ರ ಓದುತ್ತಾರೆ. ಅವರಿಗೆ ಹಸಿಮಣ್ಣಿನಂತೆ ಒದಗಿಬಂದ ವಸ್ತುಗಳಲ್ಲಿ ಅತ್ಯಂತ ಹಳೆಯದೂ ಇಂದಿಗೂ ಬಳಕೆಯಲ್ಲಿರುವುದೂ ಅನಿಲ. ಆ ಅನಿಲ ಯಾವುದು, ಅದನ್ನೇ ಏಕೆ ಆರಿಸುತ್ತಾರೆ, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಈ ಉಪನ್ಯಾಸದ ವಿಷಯ. ಜಿನೀವಾ ನಗರದ ಬಳಿ ಇರುವ ಸರ್ನ್ ಎಂಬ ಯುರೋಪಿನ ಪ್ರಯೋಗಶಾಲೆ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಾಗ ದೊರೆತ ಉತ್ತರದಲ್ಲಿ ಕಹಿಯೂ ಇದೆ, ಕಲಿಯುವುದೂ ಇದೆ.

ಮೋಡದಿಂದ ತಂತಿಯವರೆಗೆ

ಈ ವಿದ್ಯೆಯ ಒಂದು ಮೂಲ ಬೆಟ್ಟದ ನೆತ್ತಿಯಲ್ಲಿದೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ. ಅದರ ಮೇಲಿದ್ದ ಹವಾಮಾನ ವೀಕ್ಷಣಾಲಯದಲ್ಲಿ 1894ರಲ್ಲಿ ಕೆಲವು ವಾರ ಕೆಲಸ ಮಾಡಿದ ಸಿ.ಟಿ.ಆರ್. ವಿಲ್ಸನ್ ಎಂಬ ತರುಣ, ಮೋಡಗಳ ಮೇಲೆ ಬಿಸಿಲು ಬಿದ್ದಾಗ ಮೂಡುವ ಬಣ್ಣದ ಬಳೆಗಳನ್ನು ಕಂಡು ಬೆರಗಾದ. ಅಂಥ ಮೋಡವನ್ನು ಪ್ರಯೋಗಶಾಲೆಯಲ್ಲಿಯೇ ಸೃಷ್ಟಿಸಬೇಕೆಂದು ಹೊರಟ ಅವನಿಗೆ ಬೇರೊಂದು ಸತ್ಯ ದಕ್ಕಿತು. ಹಬೆ ಹನಿಯಾಗಲು ಸಾಮಾನ್ಯವಾಗಿ ಧೂಳಿನ ಕಣ ಬೇಕು. ಧೂಳನ್ನು ಪೂರ್ತಿ ತೆಗೆದ ಗಾಳಿಯಲ್ಲಿಯೂ ವಿದ್ಯುದಂಶ ಹೊತ್ತ ಅಣುಗಳ ಸುತ್ತ ಹನಿಗಳು ಕಟ್ಟುತ್ತವೆ ಎಂಬುದನ್ನು ಅವನು ಕಂಡುಕೊಂಡ. 1911ರಲ್ಲಿ ಅವನ ಮೋಡದ ಪೆಟ್ಟಿಗೆಯಲ್ಲಿ ವಿಕಿರಣ ಕಣಗಳು ಹಾದುಹೋದ ಜಾಡು ಬಿಳಿಯ ಗೆರೆಯಾಗಿ ಕಾಣಿಸಿತು. 1927ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಇದಕ್ಕೂ ಮೊದಲು, 1908ರಲ್ಲಿ, ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಒಂದು ಲೋಹದ ಕೊಳವೆಯಲ್ಲಿ ಅನಿಲ ತುಂಬಿ, ನಡುವೆ ಒಂದು ತಂತಿ ಎಳೆದು, ಒಂದೊಂದೇ ಕಣವನ್ನು ಎಣಿಸುವ ಸಾಧನವನ್ನು ಕಟ್ಟಿದ್ದರು. ಹೀಗೆ ಎರಡು ದಾರಿಗಳು ತೆರೆದುಕೊಂಡವು. ಮೋಡದ ಪೆಟ್ಟಿಗೆ ಜಾಡನ್ನು ತೋರಿಸುತ್ತಿತ್ತು, ಆದರೆ ನಿಧಾನ. ಗೈಗರನ ಕೊಳವೆ ಚುರುಕು, ಆದರೆ ಕಣ ಬಂದಿತು ಎಂದು ಹೇಳುತ್ತಿತ್ತೇ ಹೊರತು ಯಾವ ಹಾದಿಯಲ್ಲಿ ಬಂದಿತು ಎಂದು ಹೇಳುತ್ತಿರಲಿಲ್ಲ.

1952ರಲ್ಲಿ ಡೊನಾಲ್ಡ್ ಗ್ಲೇಸರ್ ರೂಪಿಸಿದ ಗುಳ್ಳೆಯ ಪೆಟ್ಟಿಗೆ ಮೋಡದ ಪೆಟ್ಟಿಗೆಯ ಸ್ಥಾನವನ್ನು ಪಡೆಯಿತು. ಅದರ ಚಿತ್ರಗಳು ಬಹಳ ಸ್ಫುಟವಾಗಿದ್ದವು. ಆದರೆ ಪ್ರತಿಯೊಂದನ್ನೂ ಛಾಯಾಚಿತ್ರ ತೆಗೆದು, ಲಕ್ಷಗಟ್ಟಲೆ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಕಣ್ಣಿನಿಂದಲೇ ಗೆರೆಗಳನ್ನು ಅಳೆಯಬೇಕಿತ್ತು. ಆ ಕೆಲಸವನ್ನು ಮಾಡಿದವರಲ್ಲಿ ಬಹುಮಂದಿ ಮಹಿಳೆಯರು. ಸೆಕೆಂಡಿಗೆ ಕೆಲವೇ ಚಿತ್ರ ತೆಗೆಯಬಲ್ಲ ಸಾಧನದಿಂದ ಕೋಟಿಗೊಮ್ಮೆ ಸಂಭವಿಸುವ ಅಪೂರ್ವ ಘಟನೆಯನ್ನು ಹಿಡಿಯುವುದು ಆಗದ ಮಾತು.

ಈ ಗಂಟನ್ನು ಬಿಡಿಸಿದವರು ಸರ್ನ್‌ನಲ್ಲಿದ್ದ ಜಾರ್ಜ್ ಶಾರ್ಪಾಕ್. 1968ರಲ್ಲಿ ಅವರು ಗೈಗರನ ಒಂದು ತಂತಿಯ ಬದಲು, ಮಗ್ಗದ ಹಾಸಿನಂತೆ, ಸುಮಾರು ಎರಡು ಮಿಲಿಮೀಟರಿಗೊಂದರಂತೆ ತಂತಿಗಳನ್ನು ಒಂದೇ ಚೌಕಟ್ಟಿನಲ್ಲಿ ಬಿಗಿದರು. ಒಂದೊಂದು ತಂತಿಗೂ ಪ್ರತ್ಯೇಕ ವಿದ್ಯುನ್ಮಾನ ಜೋಡಿಸಿದರು. ಯಾವ ತಂತಿ ಮಿಡಿಯಿತೋ ಅದರ ಬಳಿಯಲ್ಲಿ ಕಣ ಹಾದಿದೆ ಎಂದು ಅರ್ಥ. ಛಾಯಾಚಿತ್ರ ಬೇಡ, ಕಣ್ಣಿನ ಅಳತೆಯೂ ಬೇಡ. ಎಣಿಕೆಯ ವೇಗ ಒಮ್ಮೆಲೇ ಸಾವಿರ ಪಟ್ಟು ಏರಿತು. 1992ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು.

ಹೆಜ್ಜೆ ಮೂಡುವ ಬಗೆ

ವಿದ್ಯುದಂಶವುಳ್ಳ ಕಣವೊಂದು ಅನಿಲದ ಮೂಲಕ ಹಾಯುವಾಗ ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಸಾಡುತ್ತ ಹೋಗುತ್ತದೆ. ಆರ್ಗಾನ್ ಅನಿಲದಲ್ಲಿ ಒಂದು ಸೆಂಟಿಮೀಟರ್ ದಾರಿಗೆ ಹೀಗೆ ಬೇರ್ಪಡುವ ಎಲೆಕ್ಟ್ರಾನುಗಳು ಸುಮಾರು ನೂರು. ಇದೇ ಕಣದ ಹೆಜ್ಜೆ. ಆದರೆ ನೂರು ಎಲೆಕ್ಟ್ರಾನುಗಳ ವಿದ್ಯುತ್ತು ಯಾವ ಉಪಕರಣದ ಗಮನಕ್ಕೂ ಬಾರದಷ್ಟು ಕ್ಷೀಣ. ಅದನ್ನು ಹಿಗ್ಗಿಸಬೇಕು.

ಹಿಗ್ಗಿಸುವ ಕೆಲಸವನ್ನೂ ಅನಿಲವೇ ಮಾಡುತ್ತದೆ. ತಂತಿಗೆ ಸಾವಿರಾರು ವೋಲ್ಟಿನ ಧನ ವಿದ್ಯುತ್ತನ್ನು ಕೊಟ್ಟರೆ ಎಲೆಕ್ಟ್ರಾನುಗಳು ಅತ್ತ ಸಾಗುತ್ತವೆ. ಕೂದಲೆಳೆಗಿಂತ ತೆಳುವಾದ ಆ ತಂತಿಯ ಹತ್ತಿರ ವಿದ್ಯುತ್ ಸೆಳೆತ ಬಹಳ ಬಿರುಸು. ಅಲ್ಲಿ ಒಂದು ಎಲೆಕ್ಟ್ರಾನು ಇನ್ನೊಂದನ್ನು ಕೆಡಹುತ್ತದೆ, ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಗುಡ್ಡದ ನೆತ್ತಿಯಿಂದ ಉರುಳಿದ ಒಂದು ಕಲ್ಲು ದಾರಿಯ ಕಲ್ಲುಗಳನ್ನೆಲ್ಲ ಎಬ್ಬಿಸಿಕೊಂಡು ಬರುವಂತೆ, ಒಂದು ಎಲೆಕ್ಟ್ರಾನಿನಿಂದ ಹತ್ತಾರು ಸಾವಿರ ಎಲೆಕ್ಟ್ರಾನುಗಳ ಉರುಳು ತಂತಿಗೆ ಬಂದು ಬೀಳುತ್ತದೆ. ಆಗ ಸಂಕೇತ ಅಳತೆಗೆ ಸಿಗುತ್ತದೆ.

ಈ ಉರುಳನ್ನು ಹದದಲ್ಲಿಡುವುದೇ ಕಷ್ಟದ ಕೆಲಸ. ಉರುಳಿನ ಜೊತೆಗೆ ನೇರಳಾತೀತ ಬೆಳಕೂ ಹುಟ್ಟುತ್ತದೆ. ಅದು ಹತ್ತಿರದ ಲೋಹಕ್ಕೆ ಬಿದ್ದು ಹೊಸ ಎಲೆಕ್ಟ್ರಾನುಗಳನ್ನು ಎಬ್ಬಿಸಿದರೆ ಎಲ್ಲೆಡೆ ಕಿಡಿ ಹಾರಿ ಉಪಕರಣ ಕುರುಡಾಗುತ್ತದೆ. ಆದುದರಿಂದ ಬೆಳಕನ್ನು ನುಂಗಿ ತಣಿಸುವ ಇನ್ನೊಂದು ಅನಿಲವನ್ನು ಬೆರೆಸಬೇಕು. ಇಂಗಾಲದ ಡೈಆಕ್ಸೈಡ್, ಮೀಥೇನ್, ಐಸೋಬ್ಯೂಟೇನ್ ಮೊದಲಾದವು ಈ ಕೆಲಸಕ್ಕೆ ಬರುತ್ತವೆ. ಹೀಗೆ ಪ್ರತಿಯೊಂದು ಶೋಧಕಕ್ಕೂ ತನ್ನದೇ ಆದ ಅನಿಲದ ಪಾಕವಿದೆ. ಪಾಕದಲ್ಲಿ ಶೇಕಡಾ ಒಂದರಷ್ಟು ವ್ಯತ್ಯಾಸವಾದರೂ ನಡವಳಿಕೆ ಬದಲಾಗುತ್ತದೆ.

ಜಡಿಮಳೆಯ ಹನಿ ಎಣಿಸುವುದು

ಮುಂಗಾರಿನ ಮೊದಲ ಹನಿಗಳು ಅಂಗಳದ ಧೂಳಿನಲ್ಲಿ ಬಿದ್ದಾಗ ಒಂದೊಂದರ ಗುರುತೂ ಬೇರೆಯಾಗಿ ಕಾಣುತ್ತದೆ. ಪುನರ್ವಸು ಮಳೆ ಹಿಡಿದ ಮೇಲೆ ಯಾವ ಹನಿಯ ಗುರುತೂ ಉಳಿಯದು. ಇಂದಿನ ಕಣ ಪ್ರಯೋಗಗಳ ಸಂಕಟ ಇದೇ.

ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ, ಜೂರಾ ಬೆಟ್ಟಸಾಲಿನ ಬುಡದಲ್ಲಿ, ನೆಲದಡಿ ಸುಮಾರು ನೂರು ಮೀಟರ್ ಆಳದ ಸುರಂಗದಲ್ಲಿ ಸರ್ನ್‌ನ ಲಾರ್ಜ್ ಹೇಡ್ರಾನ್ ಕೊಲೈಡರ್ ಇದೆ. ಸುತ್ತಳತೆ 27 ಕಿಲೋಮೀಟರ್. ಪ್ರೋಟಾನುಗಳ ಗುಂಪುಗಳು ಅದರಲ್ಲಿ ಎದುರುಬದುರಾಗಿ ಸುತ್ತುತ್ತವೆ; ಅವು ಒಂದನ್ನೊಂದು ಹಾಯುವುದು 25 ನ್ಯಾನೋಸೆಕೆಂಡಿಗೆ ಒಮ್ಮೆ. ಒಂದು ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. 25 ನ್ಯಾನೋಸೆಕೆಂಡಿನಲ್ಲಿ ಬೆಳಕು ಕೂಡ ಏಳೂವರೆ ಮೀಟರ್ ಮಾತ್ರ ಸಾಗುತ್ತದೆ. ಒಂದು ಡಿಕ್ಕಿಯ ಚೂರುಗಳು ಶೋಧಕವನ್ನು ದಾಟುವ ಮೊದಲೇ ಮುಂದಿನ ಡಿಕ್ಕಿ ಆಗಿರುತ್ತದೆ.

ತಂತಿಯ ಶೋಧಕಗಳಿಗೆ ಇಂಥಲ್ಲಿ ಎದುರಾಗುವ ತೊಡಕು ಧನ ಅಯಾನುಗಳದು. ಎಲೆಕ್ಟ್ರಾನುಗಳು ಚುರುಕಾಗಿ ತಂತಿ ಸೇರುತ್ತವೆ. ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳು ಭಾರವಾದವು. ಅವು ಸಾವಿರ ಪಟ್ಟು ನಿಧಾನವಾಗಿ ಹಿಂದಕ್ಕೆ ಸರಿಯುತ್ತವೆ. ಅವು ತೆರವಾಗುವ ಮೊದಲೇ ಹೊಸ ಕಣಗಳು ಬಂದರೆ ಸಂತೆಯ ಬೀದಿಯಂತೆ ದಟ್ಟಣೆ ಕಟ್ಟಿ ವಿದ್ಯುತ್ ಸೆಳೆತ ಕುಗ್ಗುತ್ತದೆ.

ಇದಕ್ಕೆ ಪರಿಹಾರವಾಗಿ ತಂತಿಯನ್ನೇ ಬಿಡುವ ಆಲೋಚನೆ ಬಂದಿತು. 1988ರಲ್ಲಿ ಆಂಟನ್ ಓಡ್ ಗಾಜಿನ ಮೇಲೆ ಸೂಕ್ಷ್ಮ ಲೋಹದ ಪಟ್ಟಿಗಳನ್ನು ಮುದ್ರಿಸಿದ ಶೋಧಕವನ್ನು ರೂಪಿಸಿದರು. ಅದು ಚುರುಕಾಗಿತ್ತು, ಆದರೆ ಕಿಡಿ ಹಾರಿದರೆ ಪಟ್ಟಿಗಳು ಸುಟ್ಟುಹೋಗುತ್ತಿದ್ದವು. 1996ರಲ್ಲಿ ಯಾನಿಸ್ ಜಿಯೊಮಾಟಾರಿಸ್, ಶಾರ್ಪಾಕ್ ಮತ್ತು ಸಂಗಡಿಗರು ತೆಳುವಾದ ಲೋಹದ ಜಾಲರಿಯ ಮೈಕ್ರೋಮೆಗಾಸ್ ಶೋಧಕವನ್ನು ಮುಂದಿಟ್ಟರು. 1997ರಲ್ಲಿ ಫಾಬಿಯೋ ಸೌಲಿ ‘ಜೆಮ್’ ಎಂಬ ರಂಧ್ರದ ಹಾಳೆಯನ್ನು ತಂದರು. ಅದು 50 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಎರಡು ಬದಿಗೂ ತಾಮ್ರದ ಲೇಪ. ಒಂದು ಚದರ ಸೆಂಟಿಮೀಟರಿಗೆ ಸುಮಾರು 6000 ರಂಧ್ರಗಳು. ಒಂದೊಂದು ರಂಧ್ರವೂ ಎಲೆಕ್ಟ್ರಾನುಗಳ ಉರುಳಿಗೆ ಒಂದು ಕಿರುಗಣಿವೆ. ಹಾಳೆಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಕೆಲಸ ಹಂಚಿಹೋಗುತ್ತದೆ, ಕಿಡಿಯ ಭಯ ಕಡಿಮೆಯಾಗುತ್ತದೆ.

ಸರ್ನ್‌ನ ಆಲಿಸ್ ಪ್ರಯೋಗದ ಹೃದಯಭಾಗದಲ್ಲಿ ಐದು ಮೀಟರ್ ಅಗಲ, ಐದು ಮೀಟರ್ ಉದ್ದದ ದೊಡ್ಡ ಅನಿಲದ ಪೀಪಾಯಿ ಇದೆ. 1974ರಲ್ಲಿ ಅಮೆರಿಕದ ಡೇವಿಡ್ ನೈಗ್ರನ್ ಕಲ್ಪಿಸಿದ ಮಾದರಿ ಅದು. ಅದರಲ್ಲಿ ತುಂಬಿರುವುದು ಬಹುಪಾಲು ನಿಯಾನ್. ಹಿಂದೆ ಅದರ ಎರಡು ತುದಿಗಳಲ್ಲಿ ತಂತಿಗಳಿದ್ದವು. ಪ್ರತಿ ಘಟನೆಯ ನಂತರ ಅಯಾನುಗಳು ತೆರವಾಗುವವರೆಗೆ ಬಾಗಿಲು ಮುಚ್ಚಿ ಕಾಯಬೇಕಿತ್ತು. 2019ರಿಂದ 2021ರವರೆಗಿನ ಬಿಡುವಿನಲ್ಲಿ ತಂತಿಗಳನ್ನು ತೆಗೆದು ನಾಲ್ಕು ಪದರ ಜೆಮ್ ಹಾಳೆಗಳನ್ನು ಕೂರಿಸಲಾಯಿತು. ಹಿಂದಕ್ಕೆ ಸೋರುವ ಅಯಾನುಗಳ ಪ್ರಮಾಣ ಶೇ. 1ಕ್ಕಿಂತ ಕಡಿಮೆಯಾಯಿತು. ಸೀಸದ ಪರಮಾಣು ಬೀಜಗಳ ಡಿಕ್ಕಿಗಳನ್ನು ಸೆಕೆಂಡಿಗೆ 50,000ದಷ್ಟು, ನಡುವೆ ಕಣ್ಣು ಮುಚ್ಚದೆ, ದಾಖಲಿಸುವುದು ಹೀಗೆ ಸಾಧ್ಯವಾಯಿತು.

ಪಾಕದೊಳಗಿನ ಫ್ಲೋರಿನ್

ಇಲ್ಲಿಯವರೆಗೆ ಹೇಳಿದ್ದು ಜಾಣ್ಮೆಯ ಕಥೆ. ಇನ್ನು ಹೊರೆಯ ಕಥೆ.

ವೇಗ ಬೇಕಾದಾಗ ಭೌತವಿಜ್ಞಾನಿಗಳು ಫ್ಲೋರಿನ್ ಬೆರೆತ ಅನಿಲಗಳನ್ನು ಆಶ್ರಯಿಸಿದರು. ಕಾರ್ಬನ್ ಟೆಟ್ರಾಫ್ಲೋರೈಡ್ ಬೆರೆಸಿದರೆ ಎಲೆಕ್ಟ್ರಾನುಗಳು ಬೇಗ ಸಾಗುತ್ತವೆ. ವರ್ಷಗಟ್ಟಲೆ ಕಣಗಳ ಮಳೆ ಬಿದ್ದಾಗ ತಂತಿಗೆ ಹತ್ತುವ ಕಿಲುಬನ್ನೂ ಅದು ತೊಳೆಯುತ್ತದೆ. ಸಿಎಂಎಸ್ ಪ್ರಯೋಗದ ತಂತಿ ಶೋಧಕಗಳ ಪಾಕ ಆರ್ಗಾನ್ 40, ಇಂಗಾಲದ ಡೈಆಕ್ಸೈಡ್ 50, ಕಾರ್ಬನ್ ಟೆಟ್ರಾಫ್ಲೋರೈಡ್ 10 ಎಂದು ನಿಗದಿಯಾದುದು ಈ ಕಾರಣದಿಂದ.

ಇನ್ನೊಂದು ಬಗೆಯ ಶೋಧಕವನ್ನು ಇಟಲಿಯ ಸಾಂಟೋನಿಕೋ ಮತ್ತು ಕಾರ್ಡರೆಲ್ಲಿ 1981ರಲ್ಲಿ ರೂಪಿಸಿದರು. ಅದರ ಹೆಸರು ರೆಸಿಸ್ಟಿವ್ ಪ್ಲೇಟ್ ಚೇಂಬರ್, ಚಿಕ್ಕದಾಗಿ ಆರ್‌ಪಿಸಿ. ಬೇಕಲೈಟಿನ ಎರಡು ಹಲಗೆಗಳು, ನಡುವೆ ಎರಡು ಮಿಲಿಮೀಟರ್ ಸಂದು, ಸಂದಿನಲ್ಲಿ ಅನಿಲ, ಹಲಗೆಗಳಿಗೆ ಹತ್ತು ಸಾವಿರದಷ್ಟು ವೋಲ್ಟ್. ತಯಾರಿಕೆ ಅಗ್ಗ, ಸಾವಿರಾರು ಚದರ ಮೀಟರ್ ಹೊದಿಸಬಹುದು, ಸಂಕೇತವೂ ಒಂದೆರಡು ನ್ಯಾನೋಸೆಕೆಂಡಿನಷ್ಟು ಚುರುಕು. ಮ್ಯುವಾನ್ ಎಂಬ ಕಣ ಬಂದೊಡನೆ ‘ಈ ಘಟನೆಯನ್ನು ಉಳಿಸಿಕೊಳ್ಳಿ’ ಎಂದು ಉಳಿದ ಯಂತ್ರಗಳಿಗೆ ಸೂಚನೆ ಕೊಡುವ ಕಾವಲುಗಾರನ ಕೆಲಸ ಇದರದು. 2012ರ ಜುಲೈ 4ರಂದು ಹಿಗ್ಸ್ ಕಣದ ಪತ್ತೆಯನ್ನು ಪ್ರಕಟಿಸಿದ ಅಟ್ಲಾಸ್ ಮತ್ತು ಸಿಎಂಎಸ್ ಎರಡರಲ್ಲೂ ಈ ಕಾವಲುಗಾರರು ಇದ್ದರು.

ಆದರೆ ಇದರ ಪಾಕವನ್ನು ನೋಡಿ. ನೂರು ಪಾಲಿನಲ್ಲಿ ಸುಮಾರು 95 ಪಾಲು ಆರ್-134ಎ, ನಾಲ್ಕೂವರೆ ಪಾಲಿನಷ್ಟು ಐಸೋಬ್ಯೂಟೇನ್, 0.3 ಪಾಲು ಸಲ್ಫರ್ ಹೆಕ್ಸಾಫ್ಲೋರೈಡ್. ಆರ್-134ಎ ಅಪರಿಚಿತವಲ್ಲ, ಫ್ರಿಜ್‌ನಲ್ಲಿ, ಕಾರಿನ ಏಸಿಯಲ್ಲಿ ಬಳಕೆಗೆ ಬಂದ ತಂಪು ಅನಿಲವೇ ಅದು. ಸಲ್ಫರ್ ಹೆಕ್ಸಾಫ್ಲೋರೈಡ್ ವಿದ್ಯುತ್ ಸಬ್‌ಸ್ಟೇಷನ್ನಿನ ಸ್ವಿಚ್ಚುಗಳಲ್ಲಿ ಕಿಡಿ ನಂದಿಸಲು ತುಂಬುವ ಅನಿಲ. ಎರಡೂ ವಿಷವಲ್ಲ, ಬೆಂಕಿಗೆ ಹೊತ್ತುವುದಿಲ್ಲ, ಸುಲಭವಾಗಿ ಒಡೆಯುವುದಿಲ್ಲ. ಪ್ರಯೋಗಶಾಲೆಗೆ ಇದು ಗುಣ. ಒಡೆಯದ ವಸ್ತು ಆಕಾಶಕ್ಕೆ ಸೇರಿದಾಗ ಅದೇ ಗುಣ ದೋಷವಾಗುತ್ತದೆ.

ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯ 2007ರ ಲೆಕ್ಕದಂತೆ, ನೂರು ವರ್ಷಗಳ ಅವಧಿಯಲ್ಲಿ ಒಂದು ಕಿಲೋ ಆರ್-134ಎ ಭೂಮಿಯನ್ನು ಬಿಸಿ ಮಾಡುವುದು 1430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು. ಕಾರ್ಬನ್ ಟೆಟ್ರಾಫ್ಲೋರೈಡ್ 7390 ಪಟ್ಟು. ಸಲ್ಫರ್ ಹೆಕ್ಸಾಫ್ಲೋರೈಡ್ 22,800 ಪಟ್ಟು. ಕಾರ್ಬನ್ ಟೆಟ್ರಾಫ್ಲೋರೈಡ್ ವಾಯುಮಂಡಲದಲ್ಲಿ ಐವತ್ತು ಸಾವಿರ ವರ್ಷ ಉಳಿಯಬಲ್ಲದು ಎಂಬ ಅಂದಾಜಿದೆ. ಅಂದರೆ ಇಂದು ಹೊರಬಿಟ್ಟದ್ದು ಮಾನವ ಕಾಲದ ಎಣಿಕೆಯಲ್ಲಿ ಶಾಶ್ವತ.

ಸೋರಿಕೆಯ ಲೆಕ್ಕ

ಸರ್ನ್ ತನ್ನ ಮೊದಲ ಪರಿಸರ ವರದಿಯನ್ನು 2020ರಲ್ಲಿ ಪ್ರಕಟಿಸಿತು. 2018ರಲ್ಲಿ ಸಂಸ್ಥೆಯ ನೇರ ಹಸಿರುಮನೆ ಅನಿಲದ ಹೊರಸೂಸುವಿಕೆ 1,92,100 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ ಎಂದು ಅದರಲ್ಲಿ ಹೇಳಲಾಗಿತ್ತು. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಫ್ಲೋರಿನ್ ಅನಿಲಗಳದು. ಒಂದಷ್ಟು ಭಾಗ ಉಪಕರಣಗಳನ್ನು ತಂಪಾಗಿಡಲು ಬಳಸಿದ್ದು. ದೊಡ್ಡ ಭಾಗ ಕಣಗಳ ಜಾಡು ಹಿಡಿಯುವ ಶೋಧಕಗಳದು.

ಇಲ್ಲಿ ಗಮನಿಸಬೇಕಾದ ಒಂದು ಹೋಲಿಕೆಯಿದೆ. ಇಷ್ಟು ದೊಡ್ಡ ಯಂತ್ರ ನುಂಗುವ ವಿದ್ಯುತ್ತೇ ಅದರ ಮುಖ್ಯ ಹೊರೆ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಅದೇ ವರ್ಷ ಕೊಂಡ ವಿದ್ಯುತ್ತಿನ ಬಾಬ್ತು ಸುಮಾರು 31,700 ಟನ್ ಮಾತ್ರ. ಏಕೆಂದರೆ ಆ ವಿದ್ಯುತ್ತು ಫ್ರಾನ್ಸಿನದು, ಬಹುಪಾಲು ಅಣುಸ್ಥಾವರಗಳಿಂದ ಬರುವುದು. ನೇರ ಹೊರಸೂಸುವಿಕೆ ಅದರ ಆರು ಪಟ್ಟು. ಕಣ್ಣಿಗೆ ಕಾಣುವ ತಂತಿ, ಕಂಬ, ಮೀಟರುಗಳಿಗಿಂತ ಕಾಣದ ಸೋರಿಕೆಯೇ ಭಾರವಾಗಿತ್ತು.

ಸೋರಿಕೆ ಆದದ್ದು ಎಲ್ಲಿ? ಮಹಾಯಂತ್ರದ ಮರ್ಮಸ್ಥಾನದಲ್ಲಲ್ಲ. ಆರ್‌ಪಿಸಿ ಹಲಗೆಗಳಿಗೆ ಅನಿಲ ಒಳಬರುವ ಪುಟ್ಟ ಪ್ಲಾಸ್ಟಿಕ್ ಮೂತಿಗಳಲ್ಲಿ, ಅವಕ್ಕೆ ಜೋಡಿಸಿದ ಕೊಳವೆಗಳಲ್ಲಿ ಕಾಲಾಂತರದಲ್ಲಿ ಬಿರುಕು ಬಂದಿತ್ತು. ತೋಟದ ಹನಿ ನೀರಾವರಿಯ ಪೈಪಿನಲ್ಲಿ ಆಗುವುದೂ ಇದೇ. ವ್ಯತ್ಯಾಸವೆಂದರೆ ಇಲ್ಲಿ ಆ ಮೂತಿಗಳು ಸಾವಿರಾರು ಟನ್ ಕಬ್ಬಿಣದ ಪದರಗಳ ನಡುವೆ ಹುದುಗಿದ್ದು ಕೈ ಹೋಗದ ಜಾಗದಲ್ಲಿವೆ. ಯಂತ್ರ ನಿಂತ ಬಿಡುವಿನ ವರ್ಷಗಳಲ್ಲಿ ಮಾತ್ರ ದುರಸ್ತಿ ಸಾಧ್ಯ. ಮಹತ್ತಾದ ವಿಜ್ಞಾನದ ಪರಿಸರ ಹೊರೆ ಅಗ್ಗದ ಪ್ಲಾಸ್ಟಿಕ್ ಮೂತಿಯ ಮೇಲೆ ನಿಂತಿತ್ತು ಎಂಬುದು ವಿನ್ಯಾಸ ಮಾಡುವವರೆಲ್ಲ ನೆನಪಿಡಬೇಕಾದ ಸಂಗತಿ.

ತಗ್ಗಿಸುವ ದಾರಿಗಳು

ಮೊದಲ ದಾರಿ ಸೋರಿಕೆ ಮುಚ್ಚುವುದು. 2019ರಿಂದ ಆರಂಭವಾದ ದೀರ್ಘ ಬಿಡುವಿನಲ್ಲಿ ಬಿರುಕುಗಳನ್ನು ಒಂದೊಂದಾಗಿ ಹುಡುಕಿ ಸರಿಪಡಿಸುವ ಕೆಲಸ ನಡೆಯಿತು. 2018ರ ಮಟ್ಟಕ್ಕಿಂತ ನೇರ ಹೊರಸೂಸುವಿಕೆಯನ್ನು 2024ರ ಅಂತ್ಯದೊಳಗೆ ಶೇ. 28ರಷ್ಟು ತಗ್ಗಿಸುವ ಗುರಿಯನ್ನು ಸಂಸ್ಥೆ ಬಹಿರಂಗವಾಗಿ ಹಾಕಿಕೊಂಡಿತು.

ಎರಡನೆಯ ದಾರಿ ಬಳಸಿದ್ದನ್ನೇ ಮರಳಿ ಬಳಸುವುದು. ಶೋಧಕದಿಂದ ಹೊರಬಂದ ಅನಿಲವನ್ನು ಶುದ್ಧೀಕರಿಸಿ ಮತ್ತೆ ಒಳಗೆ ಕಳುಹಿಸುವ ವ್ಯವಸ್ಥೆ ಮೊದಲಿನಿಂದಲೂ ಇದೆ. ಆದರೆ ಕಶ್ಮಲ ಸೇರದಂತೆ ಸ್ವಲ್ಪ ಭಾಗವನ್ನು ಸದಾ ಹೊರಬಿಟ್ಟು ಹೊಸದನ್ನು ಸೇರಿಸಬೇಕು. ಹೊರಬಿಡುವ ಆ ಭಾಗದಿಂದಲೂ ಬೆಲೆಯುಳ್ಳ ಅನಿಲವನ್ನು ಬೇರ್ಪಡಿಸುವ ಘಟಕಗಳು ಬಂದಿವೆ. ಕಾರ್ಬನ್ ಟೆಟ್ರಾಫ್ಲೋರೈಡನ್ನು ಪೊರೆಗಳ ಮೂಲಕ ಸೋಸಿ ತೆಗೆಯುತ್ತಾರೆ. ಆರ್-134ಎಯನ್ನು ಶೂನ್ಯಕ್ಕಿಂತ ಮೂವತ್ತಕ್ಕೂ ಹೆಚ್ಚು ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸುತ್ತಾರೆ. ಐಸೋಬ್ಯೂಟೇನ್ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಮತ್ತೆ ಮೆಲ್ಲನೆ ಬಿಸಿ ಮಾಡಿ ಅದನ್ನು ಬಿಡಿಸಬೇಕು.

ಮೂರನೆಯ ದಾರಿ ಪಾಕವನ್ನೇ ಬದಲಿಸುವುದು. ಇದು ತೋರಿದಷ್ಟು ಸುಲಭವಲ್ಲ. 2023ರ ಆಗಸ್ಟ್‌ನಿಂದ ಅಟ್ಲಾಸ್ ತನ್ನ ಆರ್‌ಪಿಸಿಗಳಲ್ಲಿ ಆರ್-134ಎಯನ್ನು 64 ಪಾಲಿಗೆ ಇಳಿಸಿ, 30 ಪಾಲು ಇಂಗಾಲದ ಡೈಆಕ್ಸೈಡ್ ಸೇರಿಸಿತು. ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಕಿಡಿ ಹಾರುವುದೂ ಹೆಚ್ಚುತ್ತದೆ. ಅದನ್ನು ಅಡಗಿಸಲು ಸಲ್ಫರ್ ಹೆಕ್ಸಾಫ್ಲೋರೈಡನ್ನು 0.3ರಿಂದ 1 ಪಾಲಿಗೆ ಏರಿಸಬೇಕಾಯಿತು. ಅಣುಭಾರವನ್ನು ಗಣನೆಗೆ ತೆಗೆದುಕೊಂಡು ಮೇಲಿನ ಅಂಕಿಗಳಿಂದ ಲೆಕ್ಕ ಹಾಕಿದರೆ ಫಲ ಹೀಗಿದೆ: ಆರ್-134ಎ ಮೂರನೆಯ ಒಂದು ಭಾಗ ತಗ್ಗಿತು, ಆದರೆ ಅಷ್ಟೇ ಗಾತ್ರದ ಅನಿಲದ ಒಟ್ಟು ಹೊರೆ ಇಳಿದದ್ದು ಸುಮಾರು ಶೇ. 15 ಮಾತ್ರ. ಹೊಸ ಪಾಕದ ಹೊರೆಯಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಆ ಒಂದು ಪಾಲು ಸಲ್ಫರ್ ಹೆಕ್ಸಾಫ್ಲೋರೈಡಿನಿಂದಲೇ ಬರುತ್ತದೆ. ಪಾಲು ಚಿಕ್ಕದೆಂದು ಹೊರೆಯೂ ಚಿಕ್ಕದೆನ್ನಲಾಗದು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನೆಯಲ್ಲಿ ತಾವೇ ಮಾಡಿ ನೋಡಬಹುದು.

ಕಾರುಗಳಲ್ಲಿ, ತಂಪು ಯಂತ್ರಗಳಲ್ಲಿ ಬಳಕೆಗೆ ಬಂದಿರುವ ಎಚ್‌ಎಫ್‌ಒ ಎಂಬ ಹೊಸ ಅನಿಲಗಳನ್ನೂ ಪರೀಕ್ಷಿಸಲಾಗುತ್ತಿದೆ. ಅವು ಗಾಳಿಯಲ್ಲಿ ಬೇಗ ಒಡೆಯುವುದರಿಂದ ಭೂಮಿಯನ್ನು ಬಿಸಿ ಮಾಡುವುದು ತೀರ ಕಡಿಮೆ. ಆದರೆ ಅವಕ್ಕೆ ಹೆಚ್ಚಿನ ವೋಲ್ಟೇಜು ಬೇಕು. ಈಗಿರುವ ಕೇಬಲ್ಲುಗಳು ಅಷ್ಟಕ್ಕೆ ತಯಾರಾದವಲ್ಲ. ಶೋಧಕದೊಳಗೆ ಅವು ಒಡೆದಾಗ ಹಲಗೆಯನ್ನು ಕೊರೆಯುವ ಆಮ್ಲ ಹುಟ್ಟುತ್ತದೆ. ಅಲ್ಲದೆ ಈ ಬಗೆಯ ಅನಿಲಗಳು ವಾಯುಮಂಡಲದಲ್ಲಿ ಒಡೆದಾಗ ಉಂಟಾಗುವ ಟ್ರೈಫ್ಲೋರೋಅಸೆಟಿಕ್ ಆಮ್ಲ ಮಳೆನೀರಿನೊಡನೆ ನೆಲ ಸೇರಿ ಬಹುಕಾಲ ಉಳಿಯುತ್ತದೆ. ಆಕಾಶದ ಹೊರೆಯನ್ನು ಇಳಿಸಿ ಹಳ್ಳದ ನೀರಿಗೆ ಹೊರಿಸುವುದು ಪರಿಹಾರವಾಗದು.

ಎಲ್ಲಕ್ಕಿಂತ ಭರವಸೆ ಕೊಡುವುದು ನಾಲ್ಕನೆಯ ದಾರಿ: ಉಪಕರಣವನ್ನು ರೂಪಿಸುವಾಗಲೇ ಅನಿಲವನ್ನು ಯೋಚಿಸುವುದು. ಸಿಎಂಎಸ್ ಪ್ರಯೋಗಕ್ಕೆ ಹೊಸದಾಗಿ 144 ಜೆಮ್ ಶೋಧಕಗಳನ್ನು ಕಟ್ಟಿದಾಗ ಶೇ. 40ರಷ್ಟು ಕಾರ್ಬನ್ ಟೆಟ್ರಾಫ್ಲೋರೈಡ್ ಇರುವ ಪಾಕವೂ ಪರಿಶೀಲನೆಯಲ್ಲಿತ್ತು. ಕಡೆಗೆ ಅವು ನಡೆಯುತ್ತಿರುವುದು ಆರ್ಗಾನ್ 70, ಇಂಗಾಲದ ಡೈಆಕ್ಸೈಡ್ 30ರ ಸರಳ ಪಾಕದಲ್ಲಿ. ಆ ಶೋಧಕಗಳ ಜೋಡಣೆಯಲ್ಲಿ ಭಾರತದ ಸಂಸ್ಥೆಗಳ ಪಾಲೂ ಇದೆ. ಅಟ್ಲಾಸ್‌ನಲ್ಲಿ 2021ರಲ್ಲಿ ಕೂರಿಸಿದ ಮೈಕ್ರೋಮೆಗಾಸ್ ಶೋಧಕಗಳ ಪಾಕ ಆರ್ಗಾನ್ 93, ಇಂಗಾಲದ ಡೈಆಕ್ಸೈಡ್ 5, ಐಸೋಬ್ಯೂಟೇನ್ 2. ಇವೆರಡರಲ್ಲೂ ಫ್ಲೋರಿನ್ ಇಲ್ಲ. ಕಣಗಳ ಮಳೆ ಅತಿ ಜೋರಾಗಿ ಬೀಳುವ ಜಾಗಗಳಲ್ಲಿಯೇ ಇವು ಕೆಲಸ ಮಾಡುತ್ತಿವೆ. ಫ್ಲೋರಿನ್ ಇಲ್ಲದೆ ವೇಗವಿಲ್ಲ ಎಂಬ ಮಾತು ಎಲ್ಲ ಕಡೆಯೂ ನಿಜವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕೋಲಾರ, ಸಿಂಗಾರ, ಬೋಡಿ

ಈ ವಿದ್ಯೆ ದೂರದ ಜಿನೀವಾದ್ದು ಮಾತ್ರವಲ್ಲ. ಕರ್ನಾಟಕದ ನೆಲದಡಿಯಲ್ಲಿಯೂ ಅದರ ಒಂದು ಅಧ್ಯಾಯ ಬರೆಯಲ್ಪಟ್ಟಿದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಗೈಗರ್ ಕೊಳವೆಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಗೆ ಇಳಿದು ವಿಶ್ವಕಿರಣಗಳನ್ನು ಅಳೆದರು. 1965ರಲ್ಲಿ ಅದೇ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳ ತಂಡ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಪತ್ತೆಹಚ್ಚಿತು. ಅಲ್ಲಿ ಜಾಡು ತೋರಿದ್ದು ನಿಯಾನ್ ತುಂಬಿದ ಗಾಜಿನ ಕೊಳವೆಗಳು. 1980ರ ದಶಕದಲ್ಲಿ ಪ್ರೋಟಾನ್ ಒಡೆಯುವುದೇ ಎಂದು ನೋಡಲು ಕಬ್ಬಿಣದ ಪದರಗಳ ನಡುವೆ ಅನಿಲದ ಕೊಳವೆಗಳ ಸಾಲನ್ನು ಅಲ್ಲಿಯೇ ಜೋಡಿಸಲಾಯಿತು. 2001ರಲ್ಲಿ ಗಣಿ ಮುಚ್ಚಿತು.

ಆ ಪರಂಪರೆಯನ್ನು ಮುಂದುವರಿಸಲೆಂದು ರೂಪುಗೊಂಡದ್ದು ಭಾರತದ ನ್ಯೂಟ್ರಿನೋ ವೀಕ್ಷಣಾಲಯದ ಯೋಜನೆ. ಮೊದಲು ಆರಿಸಿದ ಜಾಗ ನೀಲಗಿರಿಯ ಸಿಂಗಾರ. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈ ಹುಲಿ ಮೀಸಲಿನ ಅಂಚು ಅದು. 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು. ನಂತರದ ಆಯ್ಕೆ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟ. 2015ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆಯಿತು. ಸ್ಥಳೀಯರ ವಿರೋಧವೂ ಮೊಕದ್ದಮೆಗಳೂ ಮುಂದುವರಿದವು. 2022ರಲ್ಲಿ ತಮಿಳುನಾಡು ಸರ್ಕಾರ ತನ್ನ ವಿರೋಧವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತು.

ಈ ಚರ್ಚೆಯಲ್ಲಿ ಸುರಂಗ, ನೀರು, ಹುಲಿಯ ಹಾದಿಗಳ ಮಾತು ಮುಖ್ಯವಾಗಿತ್ತು, ಆಗಲೇಬೇಕಿತ್ತು. ಅನಿಲದ ಮಾತೂ ಅಷ್ಟೇ ಮುಖ್ಯ. ಯೋಜನೆಯಲ್ಲಿದ್ದ ಆರ್‌ಪಿಸಿಗಳು 28,800. ಒಂದೊಂದೂ ಸುಮಾರು ಎರಡು ಮೀಟರ್ ಚೌಕ, ಸಂದು ಎರಡು ಮಿಲಿಮೀಟರ್. ಒಂದಕ್ಕೆ ಎಂಟು ಲೀಟರಿನಂತೆ ಒಟ್ಟು ಸುಮಾರು 230 ಘನ ಮೀಟರ್ ಅನಿಲ. ಹಿಂದೆ ಹೇಳಿದ ಪಾಕದಂತೆ ತುಂಬಿದರೆ ಒಂದು ತುಂಬುವಿಕೆಯ ಹೊರೆ ಸುಮಾರು 1400 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ದಿನಕ್ಕೊಮ್ಮೆ ಬದಲಿಸಿ ಹೊರಬಿಟ್ಟರೆ ವರ್ಷಕ್ಕೆ ಐದು ಲಕ್ಷ ಟನ್ನಿಗೂ ಹೆಚ್ಚು. ಆದುದರಿಂದಲೇ ವಿಜ್ಞಾನಿಗಳು ಹೊರಬಿಡದೆ ಮರಳಿ ಬಳಸುವ ಮುಚ್ಚಿದ ವ್ಯವಸ್ಥೆಯನ್ನು ರೂಪಿಸಿದ್ದರು. ಬಿಡುವ ವ್ಯವಸ್ಥೆಗೂ ಮುಚ್ಚಿದ ವ್ಯವಸ್ಥೆಗೂ ಇರುವ ಅಂತರ ಇಷ್ಟು ದೊಡ್ಡದು. ಮುಚ್ಚಿದ ವ್ಯವಸ್ಥೆ ಎಷ್ಟು ಮುಚ್ಚಿದೆ ಎಂಬುದನ್ನು ಅಳೆದೇ ತಿಳಿಯಬೇಕು.

ಕೇಳಬೇಕಾದ ಪ್ರಶ್ನೆಗಳು

ಮೂಲವಿಜ್ಞಾನ ಬೇಡವೆಂದು ಹೇಳುವುದು ಈ ಮಾತುಗಳ ಉದ್ದೇಶವಲ್ಲ. ಜಗತ್ತು ಯಾವುದರಿಂದ ಆಗಿದೆ ಎಂದು ಕೇಳುವ ಮನಸ್ಸು ಗೌರವಕ್ಕೆ ಅರ್ಹ. ಜಗತ್ತಿನ ಫ್ರಿಜ್ಜುಗಳು, ಕಾರುಗಳು ಬಿಡುವ ಅನಿಲದ ಮುಂದೆ ಒಂದು ಪ್ರಯೋಗಶಾಲೆಯದು ಸಣ್ಣ ಪಾಲು ಎಂಬುದೂ ಸತ್ಯ. 2016ರ ಕಿಗಾಲಿ ಒಪ್ಪಂದದಂತೆ ಆರ್-134ಎಯಂಥ ಅನಿಲಗಳನ್ನು ಎಲ್ಲ ದೇಶಗಳೂ ಹಂತಹಂತವಾಗಿ ಇಳಿಸಬೇಕಾಗಿದೆ. ಭಾರತ ಅದನ್ನು 2021ರಲ್ಲಿ ಅಂಗೀಕರಿಸಿತು. ಆದರೆ ಅಣುವಿನೊಳಗಿನ ಒಂದೊಂದು ಕಣವನ್ನೂ ಎಣಿಸಬಲ್ಲವರು ತಮ್ಮ ಕೊಳವೆಯಿಂದ ಸೋರಿದ ಅನಿಲವನ್ನು ಎಣಿಸಲಾರೆವೆಂದು ಹೇಳಿದರೆ ಯಾರೂ ಒಪ್ಪಲಾರರು. ಸರ್ನ್ ಎಣಿಸಿತು, ಪ್ರಕಟಿಸಿತು. ಎಣಿಸಿದ ಮೇಲೆಯೇ ದೊಡ್ಡ ಸೋರಿಕೆ ಎಲ್ಲಿದೆ, ಮೊದಲು ಮುಚ್ಚಬೇಕಾದದ್ದು ಯಾವುದು ಎಂಬುದು ತಿಳಿಯಿತು.

ಆದುದರಿಂದ ವಿದ್ಯಾರ್ಥಿಗಳಿಗೂ ಹಳ್ಳಿಯ ಹಿರಿಯರಿಗೂ ಒಂದೇ ಬಿನ್ನಹ. ಬೆಟ್ಟಕ್ಕೆ ಬರುವ ಯೋಜನೆ ವೀಕ್ಷಣಾಲಯವಾಗಲಿ, ಶೀತಲಗೃಹವಾಗಲಿ, ಸಬ್‌ಸ್ಟೇಷನ್ ಆಗಲಿ, ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಒಳಗೆ ಯಾವ ಅನಿಲವಿದೆ? ಮೊದಲು ತುಂಬುವುದು ಎಷ್ಟು? ಪ್ರತಿ ವರ್ಷ ಹೊಸದಾಗಿ ಕೊಂಡು ತುಂಬುವುದು ಎಷ್ಟು? ಆ ಲೆಕ್ಕವನ್ನು ಎಲ್ಲಿ ಪ್ರಕಟಿಸುತ್ತಾರೆ? ಮೂರನೆಯ ಪ್ರಶ್ನೆಯ ಉತ್ತರದಲ್ಲಿಯೇ ಸೋರಿಕೆ ಅಡಗಿರುತ್ತದೆ, ಏಕೆಂದರೆ ಸೋರದ ಕೊಡಕ್ಕೆ ಮತ್ತೆ ಮತ್ತೆ ನೀರು ತುಂಬಬೇಕಾಗಿಲ್ಲ.